ಔರಾದ ಬಸ್ಸಿಗೆ ಕೊಟ್ಟ ಚೀಲ

ಕಳೆದ ವರ್ಷ ದಸರೆ ಮುಗಿದದ್ದೇ ನಾನು ಬೀದರಿನ ಬಸ್‌ಸ್ಟ್ಯಾಂಡಿಗೆ ವಾರಕ್ಕೆ ಎರಡು ಸಲ ಹೋಗತೊಡಗಿದೆ. ಊರಿಗೆ ಹೋಗುವುದಕ್ಕಲ್ಲ, ಔರಾದಿಗೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಒಂದು ಚೀಲ ಕೊಡುವುದಕ್ಕೆ. ಚೀಲದಲ್ಲಿ ಪಾಲಕ್, ಮೆಂತ್ಯದ ಸೊಪ್ಪು, ಬೀಟ್‌ರೂಟ್, ಗಜ್ಜರಿ, ಬೀನ್ಸ್, ಸಿಕ್ಕರೆ ಬ್ರೊಕೋಲಿ. ಅವನು ಅದನ್ನು ಇಂಜಿನ್ ಪಕ್ಕ ಇಡಲು ಹೋದರೆ ನಾನು ಬಿಡುತ್ತಿರಲಿಲ್ಲ, ಬಿಸಿಗೆ ಸೊಪ್ಪು ಬಾಡುತ್ತದೆ. ಹಿಂದಿನ ಸೀಟಿನ ಕೆಳಗೂ ಬೇಡ, ಯಾರಾದರೂ ಕಾಲಿಡುತ್ತಾರೆ.

"ನನ್ನ ಹೆಂಡ್ತಿ ನನ್ನ ಊಟದ ಡಬ್ಬಿಗೂ ಇಷ್ಟು ಜ್ವಾಪಾನ ಮಾಡಂಗಿಲ್ರಿ ಅಮ್ಮಾರ" ಎಂದು ಅವನು ಒಂದು ದಿನ ಅಂದ. ಅಂದು ಚೀಲವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಹೋದ.

ಚೀಲ ಹೋಗುತ್ತಿದ್ದದ್ದು ನನ್ನ ತಂಗಿಯ ಮಗಳಿಗೆ. ಅವಳನ್ನು ಔರಾದಿಗೆ ಕೊಟ್ಟು ಎರಡು ವರ್ಷವಾಗಿತ್ತು, ಚೊಚ್ಚಲ ಬಸಿರು, ಆಗ ಆರನೆಯ ತಿಂಗಳು. ಬೀದರಿನಲ್ಲಿ ಲೇಡಿ ಡಾಕ್ಟರಿಗೆ ತೋರಿಸಲು ನಾನೇ ಕರೆದುಕೊಂಡು ಹೋಗಿದ್ದೆ. ರಕ್ತ ಎಂಟು ಪಾಯಿಂಟ್ ಎರಡು ಇದೆ, ಎಂಟು ತಿಂಗಳು ತುಂಬುವುದರೊಳಗೆ ಹತ್ತರ ಹತ್ತಿರ ಬರದಿದ್ದರೆ ಭಾಲ್ಕಿಯಲ್ಲಿ ಹೆರಿಗೆ ಬೇಡ ಎಂದು ಡಾಕ್ಟರ್ ಹೇಳಿದರು. ಇಲ್ಲಿಯೇ ದೊಡ್ಡ ಆಸ್ಪತ್ರೆಯಲ್ಲಿ, ರಕ್ತದ ಬಾಟಲಿ ರೆಡಿ ಇಟ್ಟುಕೊಂಡು ಮಾಡಬೇಕಾಗುತ್ತದೆ. ಮಾತ್ರೆ ಕೊಟ್ಟರೆ ಹುಡುಗಿ ವಾಂತಿ ಮಾಡುತ್ತಿದ್ದಳು. ಹಾಗಾದರೆ ಊಟದಲ್ಲಾದರೂ ದಿನಾ ಸೊಪ್ಪು ತರಕಾರಿ ಹೋಗಲಿ ಎಂದರು ಡಾಕ್ಟರ್. "ಡಾಕ್ಟರ್, ಲೀವ್ ಇಟ್ ಟು ಮೀ" ಎಂದೆ ನಾನು. ನಲವತ್ತು ಮಕ್ಕಳ ಕ್ಲಾಸಿನ ಮುಂದೆ ನಿಂತು ಅಭ್ಯಾಸವಾದವರ ಕಾನ್ಫಿಡೆನ್ಸ್ ಅದು. ಹುಡುಗಿ ಮಾತ್ರ ಹೊರಗೆ ಬಂದ ಮೇಲೆ ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ, "ದೊಡ್ಡವ್ವ, ನಾ ಅವ್ವನ ಹತ್ರನೇ ಹಡಿತೇನಿ ಹೌದಲ್ಲ?"

ಅವಳ ಅವ್ವ, ಅಂದರೆ ನನ್ನ ತಂಗಿ, ಇರುವುದು ಭಾಲ್ಕಿಯಲ್ಲಿ. ಎರಡು ಕೋಣೆ, ಒಂದು ಹೊಲಿಗೆ ಯಂತ್ರ. ನಾವಿಬ್ಬರೂ ಒಂದೇ ಮನೆಯ ಮಕ್ಕಳು, ಆದರೆ ಅಪ್ಪನ ಹತ್ತಿರ ಕಾನ್ವೆಂಟಿಗೆ ಕಟ್ಟಲು ಒಬ್ಬಳ ಫೀಸಿಗಷ್ಟೇ ದುಡ್ಡಿತ್ತು. ದೊಡ್ಡವಳೆಂದು ಅದು ನನ್ನ ಪಾಲಿಗೆ ಬಂತು. ನಾನು ಬಿಳಿ ಸಾಕ್ಸ್ ಹಾಕಿಕೊಂಡು, ಊಟಕ್ಕೆ ಮೊದಲು ಕೈಮುಗಿದು ಗ್ರೇಸ್ ಹೇಳಿ, ಸಿಸ್ಟರ್‌ಗಳ ಕಣ್ಣಿನಡಿ ತಟ್ಟೆಯಲ್ಲಿನ ಬೇಯಿಸಿದ ಕೋಸನ್ನು ಪೂರ್ತಿ ಮುಗಿಸುವುದನ್ನು ಕಲಿತೆ. ಅವಳು ಮನೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕುವುದನ್ನು ಕಲಿತಳು. ಆ ಇಂಗ್ಲಿಷಿನಿಂದ ನನಗೆ ನೌಕರಿ ಬಂತು, ನೌಕರಿಯಿಂದ ಬ್ಯಾಂಕಿನ ಗಂಡ ಬಂದರು, ಈಗ ಮನೆಗೆ ಎರಡು ಪೆನ್ಶನ್ ಬರುತ್ತದೆ. ಅವಳಿಗೆ ಗಂಡ ಹೋದ ಮೇಲೆ ಆ ಕಾಜಾಗಳೇ ಉಳಿದವು. ಇದನ್ನು ನಾವಿಬ್ಬರೂ ಎಂದೂ ಮಾತಾಡಿಲ್ಲ.

ನಮ್ಮ ಮನೆಯವರು ತಿನ್ನುವುದು ಎರಡೇ ತರಕಾರಿ, ಬದನೆ ಮತ್ತು ಆಲೂಗಡ್ಡೆ. ಆದರೂ ನಾನು ದಿನಾ ಮಾರ್ಕೆಟಿಗೆ ಹೋಗುತ್ತೇನೆ. ಮನೆಯಲ್ಲಿ ಕೂತರೆ ಕಾಲು ನಿಲ್ಲುವುದಿಲ್ಲ. ರಿಟೈರ್ ಆದಾಗಿನಿಂದ ಇದೊಂದು ರೆಸ್ಟ್‌ಲೆಸ್‌ನೆಸ್. ಬಗದಲ್ ಕಡೆಯಿಂದ ಬೆಳಗಿನ ಟೆಂಪೊದಲ್ಲಿ ಬಂದ ಸೊಪ್ಪಿಗೆ ಇನ್ನೂ ಇಬ್ಬನಿ ಇರುತ್ತದೆ. ನೋಡಿದ್ದು ನೋಡಿದಂತೆ ತೆಗೆದುಕೊಳ್ಳುತ್ತೇನೆ, ರೇಟು ಕೇಳುವುದು ದುಡ್ಡು ಕೊಟ್ಟ ಮೇಲೆ. ಮೂವತ್ತು ವರ್ಷದಿಂದ ನನಗೆ ತೂಗಿ ಕೊಡುವ ಚಾಚಾ ಒಮ್ಮೆ ತಕ್ಕಡಿ ಹಿಡಿದುಕೊಂಡೇ ಕೇಳಿದರು, "ಇತ್ತಾ ಕೌನ್ ಖಾತೇ ಅಮ್ಮಾ?" ಇಷ್ಟನ್ನು ಯಾರು ತಿನ್ನುತ್ತಾರೆ? ಯಾರೂ ಇಲ್ಲ. ಭಾನುವಾರ ಫ್ರಿಜ್ಜಿನ ಕೆಳಗಿನ ಡಬ್ಬ ಎಳೆದರೆ ಕೊಳೆತ ಕೊತ್ತಂಬರಿ ಕೈಗೆ ಅಂಟುತ್ತಿತ್ತು. ಹುಡುಗಿಗೆ ಚೀಲ ಕಳಿಸತೊಡಗಿದ ಮೇಲೆ ಆ ಡಬ್ಬ ಸ್ವಚ್ಛವಾಯಿತು, ನನಗೂ ಒಂದು ಟೈಮ್‌ಟೇಬಲ್ ಸಿಕ್ಕಿತು.

ಔರಾದಿನ ಮನೆ ಬಡವರದಲ್ಲ. ಎಕಂಬಾ ಕಡೆ ಹೊಲ, ಅಂಗಳದಲ್ಲಿ ಟ್ರ್ಯಾಕ್ಟರ್, ಕೋಣೆ ತುಂಬ ತೊಗರಿ ಕಡಲೆಯ ಚೀಲ. ಆದರೆ ಅಲ್ಲಿ ತರಕಾರಿ ಕೊಳ್ಳುವುದು ಸಂತೆಯ ದಿನ. ಆ ಸಂತೆಗೂ ಎಷ್ಟೋ ಮಾಲು ಬೀದರಿನಿಂದಲೇ ಹೋಗುವುದು, ಹೋಗುವಷ್ಟರಲ್ಲಿ ಸೊಪ್ಪು ಬಾಡಿ ರೇಟು ಏರಿರುತ್ತದೆ. ತಂದದ್ದು ಎರಡು ದಿನಕ್ಕೆ ಮುಗಿದರೆ ಮುಂದಿನ ಸಂತೆಯ ತನಕ ಬೇಳೆ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ದುಡ್ಡಿಲ್ಲದೆ ಹಾಗಲ್ಲ. ಬೆಳೆದ ಬೇಳೆ ಮನೆಯಲ್ಲಿ ಬಿದ್ದಿರುವಾಗ ಬಾಡಿದ ಸೊಪ್ಪಿಗೆ ರೊಕ್ಕ ಕೊಡುವುದು ಅವರಿಗೆ ಹುಚ್ಚುತನವಾಗಿ ಕಾಣುತ್ತದೆ. ಅದಕ್ಕೇ ನನ್ನ ಚೀಲ.

ಒಂದು ತಿಂಗಳು ಚೀಲ ಹೋಯಿತು. ಮತ್ತೆ ರಕ್ತ ನೋಡಿದರೆ ಎಂಟು ಪಾಯಿಂಟ್ ಒಂದು.

ಡಾಕ್ಟರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹುಡುಗಿ ನೆಲ ನೋಡಿದಳು. ಚೀಲ ಮುಟ್ಟುತ್ತಿದೆಯಾ ಎಂದರೆ ಹೌದು ಎಂದಳು. ತಿನ್ನುತ್ತೀಯಾ ಎಂದರೆ ಅದಕ್ಕೂ ಹೌದು. ಎಷ್ಟು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ಅಂದು ಮಧ್ಯಾಹ್ನ ನಾನು ಊಟಕ್ಕೆ ಕೂತು ಎದ್ದೆ, ಕೂತು ಎದ್ದೆ. "ಕುರ್ಚಿಗೆ ಮುಳ್ಳು ಬಂದಾವೇನು? ಭಾಲ್ಕಿಗೆ ಹೋಗಿ ಬಾ" ಎಂದರು ನಮ್ಮ ಮನೆಯವರು, ಬದನೆಕಾಯಿಯಿಂದ ತಲೆ ಎತ್ತದೆ.

ಭಾಲ್ಕಿ ಮುಟ್ಟಿದಾಗ ಸಂಜೆಯಾಗಿತ್ತು. ತಂಗಿ ಹುಕ್ಕು ಹಚ್ಚುತ್ತ ಕೂತಿದ್ದಳು. ರಿಪೋರ್ಟು ಕೇಳಿ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದಳು, ಬಾ ಮಾರ್ಕೆಟ್ ಏಳುವ ಹೊತ್ತಾಯಿತು, ನಡೆಯುತ್ತ ಮಾತಾಡೋಣ ಎಂದಳು. ಮಾರ್ಕೆಟ್ ಅವಳ ಮನೆಯಿಂದ ನೂರು ಹೆಜ್ಜೆ. ಬೆಳಗಿನಿಂದ ತಾಜಾ ಮಾಲು ಅವಳ ಬಾಗಿಲ ಮುಂದೆಯೇ ಹಾದುಹೋಗುತ್ತದೆ, ಅವಳು ಮಾತ್ರ ಗುಡ್ಡೆಗಳು ಸಣ್ಣದಾಗಿ, ಮಾರುವವರು ಗೋಣಿ ಝಾಡಿಸುವ ತನಕ ಹೊರಗೆ ಬರುವುದಿಲ್ಲ. ಒಂದು ಕಡೆ ಮೆತ್ತಗಾದ ಟೊಮೆಟೊ, ಅಂಚು ಹಳದಿಯಾದ ಪುಂಡಿಸೊಪ್ಪು. ಇವುಗಳಿಗೆ ಅವಳದೇ ಒಂದು ಲೆಕ್ಕ, ಎಷ್ಟು ಕೊಯ್ದು ತೆಗೆದರೆ ಎಷ್ಟು ಉಳಿಯುತ್ತದೆಂದು. ನಾನು ಪರ್ಸ್ ತೆಗೆಯಲು ಹೋದೆ.

"ಒಳಗಿಡು ಅಕ್ಕಾ. ನನ್ನ ಮಾರಿ ನೋಡಿ ರೇಟ್ ಇಳಿಸ್ಯಾರ, ನಿನ್ನ ಸೀರಿ ನೋಡಿದ್ರ ಮತ್ತ ಏರಸ್ತಾರ. ಅತ್ಲಾಗ ನಿಂದ್ರು."

ನಾನು ಅತ್ಲಾಗ ನಿಂತೆ. ಅವಳು ಬಗ್ಗಿ ಆರಿಸುತ್ತಿದ್ದಳು, ಶಾಲೆಯ ಸಾಲಿನಲ್ಲಿ ನಿಂತಂತೆ ನಾನು ಕೈಕಟ್ಟಿ ನಿಂತಿದ್ದೆ. ವಾಪಸು ಬರುವಾಗ ಮಗಳನ್ನು ಈಗಲೇ ಕರೆತಂದುಬಿಡು ಎಂದೆ.

"ತರ್ತೇನಿ. ತಂದು ಮೂರು ತಿಂಗಳು ಇದನ್ನ ತಿನಸ್ಲೇನು?" ಎಂದು ಚೀಲ ಎತ್ತಿ ತೋರಿಸಿದಳು. ಚೀಲ ಇಳಿಸಿ ಅಂದಳು, "ಅಲ್ಲಿ ಏನ್ ನಡದದ ನೀನೇ ಹೋಗಿ ನೋಡಿ ಬಾ. ನಾ ಹೋಗಾಕ ಬರಂಗಿಲ್ಲ, ನಿನಗ ಗೊತ್ತದ."

ಗೊತ್ತಿತ್ತು. ಮಗಳಿಗೆ ಮಗು ಆಗುವ ತನಕ ಬೀಗರ ಮನೆಯಲ್ಲಿ ಹೆತ್ತವ್ವ ಊಟ ಮಾಡುವಂತಿಲ್ಲ, ನಮ್ಮ ಮನೆತನದಲ್ಲಿ ನೀರು ಸಹ ಕುಡಿಯುವುದಿಲ್ಲ. ದೊಡ್ಡವ್ವನಿಗೆ ಆ ಕಟ್ಟಳೆ ಇಲ್ಲ. ಮರುದಿನವೇ ಔರಾದ ಬಸ್ ಹತ್ತಿದೆ.

ಓಣಿಯ ನಳದ ಹತ್ತಿರ ಒಬ್ಬ ಹೆಂಗಸು ಕೊಡ ಕೆಳಗಿಟ್ಟು ನನ್ನನ್ನು ನಿಲ್ಲಿಸಿದಳು. ಸೊಸೆಯ ಕಡೆಯವರು ಬರುತ್ತಾರೆಂದು ಕೇಳಿದ್ದಳಂತೆ, ನನ್ನನ್ನು ಭಾಲ್ಕಿಯ ಹೆತ್ತವ್ವನೆಂದೇ ತಿಳಿದಳು. ನನಗೆ ತಿದ್ದುವುದಕ್ಕೆ ಎಡೆ ಕೊಡಲಿಲ್ಲ. ಗಜ್ಜರಿ ಛಲೋ ಇದ್ದವು, ಬೀಟ್‌ರೂಟ್ ಹಚ್ಚಿಕೊಂಡು ಮೊಮ್ಮಕ್ಕಳು ತುಟಿ ಕೆಂಪು ಮಾಡಿಕೊಂಡು ಓಣಿ ತುಂಬ ಓಡಾಡಿದವು ಎಂದಳು. ಆಮೇಲೆ ದನಿ ತಗ್ಗಿಸಿ, "ಆ ಹಸರ ಹೂಕೋಸು ಅಷ್ಟ ಇನ್ನಾ ಕಾಯಿ ಇತ್ರಿ. ಹಣ್ಣಾಗ್ಲಿ ಅಂತ ಜ್ವಾಳದ ಚೀಲದಾಗ ಇಟ್ಟೇನಿ, ಎಂಟು ದಿನ ಆತು, ಬೆಳ್ಳಗ ಆಗವಲ್ದು."

ನನ್ನ ಬ್ರೊಕೋಲಿ. ಮಾವಿನಕಾಯಿಯನ್ನು ಇಟ್ಟ ಹಾಗೆ ಜೋಳದಲ್ಲಿ ಹಣ್ಣಿಗಿಟ್ಟಿದ್ದಳು. ಬೇರೆ ಹೊತ್ತಿನಲ್ಲಾಗಿದ್ದರೆ ನಾನು ನಳ ಹಿಡಿದುಕೊಂಡು ನಗುತ್ತಿದ್ದೆ. ಅಂದು ಮೈಯೆಲ್ಲ ಉರಿಯಿತು. ಹುಡುಗಿಯ ರಕ್ತಕ್ಕೆಂದು ಕಳಿಸಿದ್ದು ಓಣಿಯ ಮಕ್ಕಳ ತುಟಿಗೆ ಹೋಗಿತ್ತು.

ಅವಳ ಅತ್ತೆ, ನಮ್ಮ ಬೀಗತಿ, ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನೀರು ಕೊಟ್ಟರು, ಚಹಾ ಬಂತು. ನಾನು ಕಪ್ಪು ಮುಟ್ಟದೆ, ತರಕಾರಿಯನ್ನು ಹಂಚಿದ್ದು ಯಾಕೆ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಬಸುರಿಗೆ ತವರಿನಿಂದ ಬಂದದ್ದು ಬುತ್ತಿಯೇ ಅಲ್ಲವೇ, ಅದು ರೊಟ್ಟಿಯಾದರೇನು ಗಜ್ಜರಿಯಾದರೇನು. ಬುತ್ತಿಯನ್ನು ಮನೆಮನೆಗೆ ಬೀರಬೇಕು. ಬೀರದೆ ಒಬ್ಬಳೇ ತಿಂದರೆ ಹೊಟ್ಟೆಯಲ್ಲಿನ ಕೂಸಿಗೆ ಕಣ್ಣು ಬೀಳುತ್ತದೆ. ಪ್ರತಿ ಚೀಲ ಬಂದಾಗಲೂ ಹದಿನೆಂಟು ಮನೆಗೆ ಹಿಡಿಹಿಡಿ ಬೀರಿ, ಉಳಿದ ಒಂದು ಹಿಡಿಯನ್ನು ಮನೆಯಲ್ಲಿ ಮಾಡಿದ್ದರು.

ನಾನೂ ಇದೇ ಸೀಮೆಯಲ್ಲಿ ಹುಟ್ಟಿದವಳು, ನನ್ನ ಬಸಿರಿನಲ್ಲೂ ಬುತ್ತಿ ಬೀರಿದ್ದರು. ಹೇಗೆ ಮರೆತೆ? ಚೀಲ ಕಟ್ಟುವಾಗ ನನ್ನ ತಲೆಯಲ್ಲಿದ್ದದ್ದು ಐರನ್, ವಿಟಮಿನ್. ಆದರೂ ಸೋಲಲು ಮನಸ್ಸಿಲ್ಲದೆ, ಅದನ್ನು ಕಳಿಸಿದ್ದು ತವರಲ್ಲ, ನಾನು, ಬೀದರಿನಿಂದ, ನಿಮಗೆ ಗೊತ್ತಿತ್ತಲ್ಲ ಎಂದೆ.

ಬೀಗತಿ ಮೊರ ಕೆಳಗಿಟ್ಟರು. ಸೊಸೆ ಒಳಗಿದ್ದಾಳೆಯೇ ಎಂದು ಒಮ್ಮೆ ನೋಡಿದರು.

"ಗೊತ್ತದರಿ. ಆದ್ರ ಓಣ್ಯಾಗ ನಾ ಭಾಲ್ಕಿಯಿಂದ ಬಂದದ ಅಂತ ಹೇಳೇ ಬೀರೀನಿ. ಎರಡು ವರ್ಷ ಆತು, ಪಂಚಮಿಗಿ ಬುತ್ತಿ ಇಲ್ಲ, ದೀಪಾವಳಿಗಿ ಇಲ್ಲ, ನಿಮ್ಮ ಸೊಸಿ ತವರ ಮನಿ ಬಾಗಿಲ ಹಾಕ್ಯದೇನು ಅಂತ ಕೇಳೋರ ಬಾಯಿ ಈಗ ಬಂದ್ ಆಗ್ಯದ. ನಿಮ್ಮ ತಂಗಿ ಕೈಯಾಗ ಆಗಂಗಿಲ್ಲ ಅಂತ ನನಗ ತಿಳಿಯಂಗಿಲ್ಲೇನ್ರಿ?"

ನಾನು ಚಹಾ ಕುಡಿದೆ. ಆರಿಹೋಗಿತ್ತು.

ಜಗಳವಾಡಲು ಬಂದವಳಿಗೆ ಜಗಳವೇ ಸಿಗದಿದ್ದರೆ ಆಗುವ ಚಡಪಡಿಕೆಯೇ ಬೇರೆ. ಅಡುಗೆಮನೆಗೂ ಅಂಗಳಕ್ಕೂ ತಿರುಗಾಡಿದೆ. ಅಂದು ಸಂತೆಯ ದಿನ, ಊಟದ ಹೊತ್ತಿಗೆ ಹೂಕೋಸು ತರಿಸಿದರು, ಬೀಗರು ಬಂದರೆ ತರಕಾರಿ ಮಾಡಲೇಬೇಕು. ಮೊದಲು ಗಂಡಸರು ಕೂತರು, ಆಮೇಲೆ ನಾನು ಮತ್ತು ಬೀಗತಿ. ಹುಡುಗಿ ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಕೂತಾಗ ಹೋಗಿ ನೋಡಿದೆ. ರೊಟ್ಟಿ, ಹಿಂಡಿ, ಹೂಕೋಸಿನ ರಸ ಹತ್ತಿದ ಬೋಗುಣಿ. ಅವಳು ನನ್ನನ್ನು ನೋಡಿ ನಕ್ಕು, ತನಗೆ ಹೂಕೋಸು ಸೇರುವುದಿಲ್ಲ ಎಂದಳು. ಚಿಕ್ಕವಳಿದ್ದಾಗ ನನ್ನ ಮನೆಯಲ್ಲಿ ಹೂಕೋಸಿನ ಪಲ್ಯಕ್ಕೆ ಅತ್ತು ಹಟ ಮಾಡುತ್ತಿದ್ದ ಹುಡುಗಿ.

ಸಂಜೆ ಬೀಗತಿಯನ್ನು ಕೇಳಿದೆ, ಇಷ್ಟು ಹೊಲವಿದೆ, ಒಂದು ಹಿಡಿ ಸೊಪ್ಪು ಅಲ್ಲಿ ಇಲ್ಲವೇ? ಅವರು ಅಂದರು, ಈಗ ಕಡಲೆಯ ಕುಡಿ ಚಿವುಟುತ್ತಿದ್ದಾರೆ, ಆದರೆ ಅದನ್ನು ನಾವು ಮುಟ್ಟುವುದಿಲ್ಲ. ಕಡಲೆ ಗಿಡ ಗೇಣುದ್ದ ಆದಾಗ ತುದಿ ಚಿವುಟಿದರೆ ಕವಲು ಒಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಚಿವುಟುವ ಹೆಂಗಸರು ಆ ಕುಡಿಯನ್ನು ಉಡಿಯಲ್ಲಿ ಮನೆಗೆ ಒಯ್ಯುತ್ತಾರೆ, ಅದು ಅವರ ಪಾಲು. ಹೊಲದ ಒಡತಿ ಅದರಲ್ಲಿ ಕೈ ಹಾಕಿದರೆ ಊರೆಲ್ಲ ನಗುತ್ತದೆ.

"ನಾನೇ ಚಿವುಟಿದರೆ?" ಎಂದೆ.

ಅವರು ನನ್ನ ಚಪ್ಪಲಿ, ಕನ್ನಡಕ, ಇಸ್ತ್ರಿ ಸೀರೆ ಎಲ್ಲ ನೋಡಿದರು. "ಯಾರು ಚಿವುಟ್ತಾರ ಅವ್ರದು. ಅದಕ್ಕೇನ್ ಅಡ್ಡಿಲ್ರಿ."

"ನಿಮ್ಮ ಸೊಸೆ ಚಿವುಟಿದರೆ?"

ಅವರು ಸುಮಾರು ಹೊತ್ತು ತೊಗರಿಯಲ್ಲಿ ಬೆರಳಾಡಿಸಿದರು. ತವರಿನಿಂದ ಬಂದದ್ದಲ್ಲವಾದ್ದರಿಂದ ಬೀರುವಂತಿಲ್ಲ. ಮನೆಯದಲ್ಲವಾದ್ದರಿಂದ ಗಂಡಸರಿಗೆ ಮೊದಲು ಬಡಿಸಬೇಕೆಂಬುದೂ ಇಲ್ಲ. ಆಕೆಯ ಉಡಿಯದು ಆಕೆಗೆ. ಅವರು ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ, ಆದರೆ ತಲೆ ಎತ್ತಿದಾಗ ಅವರಿಗೂ ತಿಳಿದಿತ್ತು. "ನಾಳಿ ಆಟೋ ಹೇಳ್ತೇನಿ. ಆಕಿ ಬಗ್ಗೋದ್ ಬ್ಯಾಡ, ಕುಂತು ಚಿವುಟ್ಲಿ" ಎಂದರು.

ಹೊಲದಲ್ಲಿ ಹುಡುಗಿ ಗೋಣಿಯ ಮೇಲೆ ಕೂತು ಕೈಗೆ ಸಿಕ್ಕಷ್ಟು ಚಿವುಟಿದಳು. ನಾನು ಎರಡು ಸಾಲು ಚಿವುಟುವುದರೊಳಗೆ ಸೊಂಟ ಹಿಡಿದು ನಿಂತೆ. ಆಳಿನ ಹೆಂಗಸರಿಗೆ ಸಂಭ್ರಮವೋ ಸಂಭ್ರಮ. ಇಂಗ್ಲಿಷ್ ಟೀಚರ್ ಕೂಲಿಗೆ ಬಂದಿದ್ದಾರೆ, ಹಾಜರಿ ಹಾಕಿರಿ ಎಂದು ಒಬ್ಬಳು, ಆಕೆಗೆ ಅರ್ಧ ಪಗಾರ ಸಾಕು ಎಂದು ಇನ್ನೊಬ್ಬಳು. ಕಡಲೆಯ ಎಲೆಯ ಮೇಲಿನ ಹುಳಿ ಬೆರಳಿಗೆಲ್ಲ ಹತ್ತುತ್ತದೆ. ಹುಡುಗಿ ಯಾರೂ ನೋಡುತ್ತಿಲ್ಲವೆಂಬಂತೆ ಬೆರಳು ನೆಕ್ಕಿದಳು, ಮತ್ತೆ ನೆಕ್ಕಿದಳು. ತಿಂಗಳುಗಟ್ಟಲೆ ಏನು ಬಾಯಿಗೆ ಹಾಕಿದರೂ ಓಕರಿಸುತ್ತಿದ್ದವಳು ಹಸಿ ಕುಡಿಯನ್ನೇ ನಾಲ್ಕು ತಿಂದಳು.

ಮನೆಗೆ ಬಂದು ನಾನು ಮಾಡಿದ ಕೆಲಸ ಕೇಳಿ. ಸೊಪ್ಪನ್ನು ಬುಟ್ಟಿಯಲ್ಲಿ ಹಾಕಿ ಮೂರು ನೀರಿನಲ್ಲಿ ತೊಳೆದೆ. ಕಾನ್ವೆಂಟಿನ ಹೈಜೀನ್ ಕ್ಲಾಸು ನನಗೆ ಅರವತ್ತು ದಾಟಿದರೂ ಕೈಬಿಟ್ಟಿಲ್ಲ. ಬೀಗತಿ ಬಂದು ನೋಡಿ ಹಣೆಗೆ ಕೈ ಹಚ್ಚಿಕೊಂಡರು, "ಹುಳಿ ಎಲ್ಲಾ ಮೋರಿಗಿ ಉಣಿಸಿದ್ರಲ್ರಿ." ಅಂದಿನ ಪಲ್ಯ ಹುಲ್ಲಿನ ಹಾಗಿತ್ತು. ಹುಡುಗಿ ತಟ್ಟೆ ಸರಿಸಿದಳು. ಮರುದಿನ ಮತ್ತೆ ಹೊಲಕ್ಕೆ ಹೋಗಿ ತಂದದ್ದನ್ನು ಬೀಗತಿ ಬರೀ ಝಾಡಿಸಿ, ನೀರು ತೋರಿಸದೆ, ತೊಗರಿಬೇಳೆಯ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಹುಡುಗಿ ಎರಡು ಸಲ ಹಾಕಿಸಿಕೊಂಡಳು. ಹೊಟ್ಟೆಯಲ್ಲಿ ನಿಂತಿತು. ಅದರ ಮೇಲೆ ನುಂಗಿದ ಮಾತ್ರೆಯೂ ನಿಂತಿತು.

ಆಮೇಲೆ ಚೀಲ ಕಳಿಸುವುದನ್ನು ಬಿಟ್ಟು ನಾನೇ ಹೋಗತೊಡಗಿದೆ, ವಾರಕ್ಕೆ ಮೂರು ದಿನ. ಒಬ್ಬಳೇ ಉಣ್ಣುವುದಕ್ಕೆ ಆಗುವುದಿಲ್ಲ, ಮಗಳು ಪಕ್ಕದಲ್ಲಿ ಕೂರಬೇಕು ಎಂದು ಹಟ ಹಿಡಿದೆ. ಮೊದಲ ವಾರ ಗಂಡಸರು ಮುಖ ಮುಖ ನೋಡಿಕೊಂಡರು, ಎರಡನೆಯ ವಾರ ಬೀಗತಿ ತಾವೇ ಎರಡು ತಟ್ಟೆ ಜೋಡಿಸಿಟ್ಟರು. ನಾನಿಲ್ಲದ ದಿನ ಏನಾಗುತ್ತಿತ್ತೋ, ಬೀದರಿನಲ್ಲಿ ಅದನ್ನೇ ನೆನೆದು ಮನೆಯೆಲ್ಲ ತಿರುಗುತ್ತಿದ್ದೆ. ನಾಲ್ಕು ದಿನ ಮಾರ್ಕೆಟಿಗೆ ಹೋಗದ್ದಕ್ಕೆ ಚಾಚಾ ನಮ್ಮ ಮನೆಯವರ ಹತ್ತಿರ ನನ್ನ ಆರೋಗ್ಯ ವಿಚಾರಿಸಿದ್ದರಂತೆ. ಔರಾದಿನ ಓಣಿಯಲ್ಲಿ ಬುತ್ತಿ ಯಾಕೆ ನಿಂತಿತು ಎಂಬ ಪ್ರಶ್ನೆ ಎದ್ದಾಗ ಬೀಗತಿ ನಳದ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟರು, "ಭಾಲ್ಕಿಯವ್ರು ಈ ಸಲ ದೊಡ್ಡವ್ವನ್ನೇ ಕಳಸ್ಯಾರವಾ. ಆಕಿನ್ನ ಹ್ಯಾಂಗ ಬೀರ್ಲಿ?"

ಕಡಲೆ ಹೂ ಬಿಟ್ಟ ಮೇಲೆ ಕುಡಿ ಚಿವುಟುವಂತಿಲ್ಲ. ಅಷ್ಟರಲ್ಲಿ ಹುಡುಗಿಯ ಪಾಲಿನದನ್ನು ಬೀಗತಿ ಧೋತರದ ಮೇಲೆ ನೆರಳಲ್ಲಿ ಒಣಗಿಸಿ ಇಟ್ಟಿದ್ದರು. ಎಂಟು ತಿಂಗಳು ತುಂಬುವ ವಾರ ಮತ್ತೆ ಡಾಕ್ಟರ್ ಹತ್ತಿರ ಹೋದೆವು. ರಿಪೋರ್ಟ್ ಬರುವ ತನಕ ನಾನು ಆ ಕಾರಿಡಾರಿನ ಟೈಲ್ಸು ಎಷ್ಟು ಸಲ ತುಳಿದೆನೋ. ಒಂಬತ್ತು ಪಾಯಿಂಟ್ ಎಂಟು. ಡಾಕ್ಟರ್ ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಹತ್ತು ಅಲ್ಲ ಎಂದರು. ಆಮೇಲೆ ಹುಡುಗಿಯ ಕಣ್ಣರೆಪ್ಪೆ ಇಳಿಸಿ ನೋಡಿ, ಭಾಲ್ಕಿಗೆ ಹೋಗಲಿ, ಆದರೆ ಹದಿನೈದು ದಿನಕ್ಕೆ ಇನ್ನೊಮ್ಮೆ ತೋರಿಸಿ, ಇಳಿದರೆ ನಾನು ಕೇಳುವುದಿಲ್ಲ ಎಂದರು.

ಮೊನ್ನೆ ಅವಳನ್ನು ಭಾಲ್ಕಿಗೆ ಬಿಟ್ಟು ಬಂದೆ. ಹೊರಡುವಾಗ ಬೀಗತಿ ಒಂದು ಗಂಟು ಕೊಟ್ಟಿದ್ದರು, ಒಣಗಿದ ಕಡಲೆಸೊಪ್ಪು, ದಿಂಬಿನಷ್ಟು ದೊಡ್ಡದು, ದಿಂಬಿಗಿಂತ ಹಗುರ. ತಂಗಿ ಅದನ್ನು ಮಂಚದ ಮೇಲೆ ಬಿಚ್ಚಿದಳು. ಮೂಸಿದಳು. ಮಗಳ ಮುಖ ನೋಡಿದಳು. ಆಮೇಲೆ ಹಳೆಯ ಪೇಪರು ಹರಿದು ಹಾಸಿ ಹಿಡಿಹಿಡಿಯಾಗಿ ಹಾಕತೊಡಗಿದಳು.

ಏನಿದು ಎಂದೆ, ಗೊತ್ತಿದ್ದೂ.

"ಬೀಗರ ಮನಿಯಿಂದ ಬಂದದ್ದು ಅಕ್ಕಾ. ಓಣಿಗಿ ಕೊಡದ ಹ್ಯಾಂಗ ಇಡ್ಲಿ? ಇಷ್ಟು ದಿನ ಅವ್ರೆಲ್ಲಾ ನನಗ ಕೊಟ್ಟಾರ, ನನ್ನ ಕೈಲಿಂದ ಒಂದಾರ ಹೋಗಿತ್ತೇನು?"

ಮಗಳು ನನ್ನ ಕಡೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ನನ್ನ ಕೈ ತಂಗಿಯ ಕೈ ಹಿಡಿಯಲು ಹೋಗಿ, ಅವಳ ಬೆರಳಿನ ಸೂಜಿಯ ಗುರುತುಗಳ ಮೇಲೆ ನಿಂತು, ಹಿಂದೆ ಬಂತು. ಬೀರಲಿ. ಎಷ್ಟು ಮನೆ ಎಂದು ಕೇಳಿದೆ. ಹದಿಮೂರು ಎಂದಳು. ನಾನೂ ಪೇಪರು ಹರಿಯುತ್ತ ಕೂತೆ.

ಅವಳು ಕೊನೆಯ ಪೊಟ್ಟಣಗಳಿಗೆ ದಾರ ತರಲು ಒಳಗೆ ಹೋದಾಗ, ಇನ್ನೂ ಹಂಚದೆ ಉಳಿದಿದ್ದ ರಾಶಿಯಿಂದ ಎರಡು ಕೈ ತುಂಬ ತೆಗೆದು ಹುಡುಗಿಯ ದಿಂಬಿನ ಚೀಲದೊಳಗೆ ತುರುಕಿದೆ. ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಮೊಣಕಾಲೂರಿಸುತ್ತಿದ್ದರು. ತಂಗಿ ಬಂದು ರಾಶಿ ನೋಡಿದಳು, ನನ್ನನ್ನು ನೋಡಿದಳು, ಉಳಿದ ಪೊಟ್ಟಣಗಳನ್ನು ಇನ್ನಷ್ಟು ಸಣ್ಣದಾಗಿ ಕಟ್ಟಿದಳು.